ಮೊದಲು ಸೆರಗು, ಆಮೇಲೆ ಒಡಲು

ಎರಡು ವರ್ಷಗಳ ಹಿಂದಿನ ಡಿಸೆಂಬರ್. ಆಗ ನಾನು ಇಳಕಲ್ಲಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಸಹಶಿಕ್ಷಕ. ಈಗಲೂ ಅಲ್ಲೇ ಇದ್ದೇನೆ. ವರ್ಗಾವಣೆಯ ಅರ್ಜಿ ತುಂಬುವುದಕ್ಕೂ ಹೆದರುವ ಮನುಷ್ಯ ಇನ್ನೆಲ್ಲಿಗೆ ಹೋದಾನು? ಆ ತಿಂಗಳು ಬಾಗಲಕೋಟೆಯಲ್ಲಿ ಜಿಲ್ಲಾ ಮಟ್ಟದ ಇಂಗ್ಲಿಷ್ ಪದ ಸ್ಪರ್ಧೆ ಏರ್ಪಾಡಾಗಿತ್ತು. ನಮ್ಮ ಶಾಲೆಯಿಂದ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಸ್ಪರ್ಧೆ ಸರಳ. ಇಬ್ಬರ ತಂಡಕ್ಕೆ ಒಂದು ಹಾಳೆ, ಮೂರು ಅಕ್ಷರ ಕೊಡುತ್ತಾರೆ. ಆ ಮೂರೂ ಇರುವ ಇಂಗ್ಲಿಷ್ ಪದಗಳನ್ನು ಇಪ್ಪತ್ತು ನಿಮಿಷದಲ್ಲಿ ಹುಡುಕಿ ಬರೆಯಬೇಕು. ಅಕ್ಷರಗಳು ಯಾವ ಕ್ರಮದಲ್ಲಾದರೂ ಇರಬಹುದು, ನಡುವೆ ಬೇರೆ ಅಕ್ಷರಗಳೂ ಬರಬಹುದು. ಸರಿಯಾದ ಪದಕ್ಕೆ ಒಂದು ಅಂಕ, ಇಂಗ್ಲಿಷಿನಲ್ಲಿ ಇಲ್ಲದ ಪದ ಬರೆದರೆ ಒಂದು ಅಂಕ ಕಡಿತ. ಗೆದ್ದವರಿಗೆ ಬೆಳಗಾವಿಯ ವಿಭಾಗ ಮಟ್ಟದ ಸ್ಪರ್ಧೆಗೆ ಅವಕಾಶ.

ತಯಾರಿಯ ಮೊದಲ ದಿನ ನಾನು ನಿಘಂಟಿನ ದಾರಿ ಹಿಡಿದೆ. ಎ ಇಂದ ಶುರುವಾಗುವ ಪದ, ಬಿ ಇಂದ ಶುರುವಾಗುವ ಪದ, ಹೀಗೆ. ಡಿ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಆಗ ಆ ಇಬ್ಬರಲ್ಲೊಬ್ಬಳಾದ ಕಸ್ತೂರಿ ಎದ್ದು ನಿಂತಳು. ಅವಳದು ನೇಕಾರರ ಮನೆ.

"ಸರ್, ನೀವು ತಲಿಯಿಂದ ಹುಡುಕಾಕತ್ತೀರಿ. ಮೊದ್ಲ ಸೆರಗು ಇಟ್ಕೊಳ್ರಿ."

ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಎರಡನ್ನೂ ಬೇರೆಯಾಗಿ ಸಿದ್ಧಮಾಡಿ, ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕಸ್ತೂರಿ ಪದಗಳನ್ನೂ ಹಾಗೇ ಕಂಡಿದ್ದಳು. ಕೊನೆಯ ತುಂಡನ್ನು ಮೊದಲೇ ಹಿಡಿದುಕೊಳ್ಳುವುದು, ಅದಕ್ಕೆ ಹೊಂದುವ ಒಡಲನ್ನು ಆಮೇಲೆ ಹುಡುಕುವುದು.

"ಅಲ್ಲಲೇ, ಸರ್‌ಗೆ ಸೀರಿ ಉಡಸ್ತೀ ಏನ?" ಎಂದಳು ಪಕ್ಕದಲ್ಲಿದ್ದ ಇನ್ನೊಬ್ಬಳು, ಶಾಹೀನ್. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಬೋರ್ಡಿನ ಮೇಲಿದ್ದ ನನ್ನ ಕ್ರಮವನ್ನು ಅಳಿಸಿದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಬಸ್ ಹುನಗುಂದ ದಾಟುವಷ್ಟರಲ್ಲಿ ನನ್ನ ಚೀಲವನ್ನು ನಾಲ್ಕು ಸಲ ತೆರೆದು ನೋಡಿದ್ದೆ. ಮಕ್ಕಳ ಆಧಾರ್ ಪ್ರತಿ, ವಾಂತಿ ಮಾತ್ರೆ, ಹೆಚ್ಚುವರಿ ಪೆನ್ನು, ಮೋಡವೇ ಇಲ್ಲದ ಡಿಸೆಂಬರಿಗೆ ಒಂದು ಕೊಡೆ. "ಸರ್, ಮಳಿ ಬಂದ್ರ ಅಕ್ಷರ ತೊಯ್ತಾವೇನ್ರಿ?" ಎಂದು ಶಾಹೀನ್ ಕೇಳಿದಳು. ಕೊಡೆಯನ್ನು ಚೀಲದ ತಳಕ್ಕೆ ತುರುಕಿದೆ.

ವಿದ್ಯಾಗಿರಿಯ ಒಂದು ಸಭಾಂಗಣದಲ್ಲಿ ಸ್ಪರ್ಧೆ. ಬಂದ ಅಕ್ಷರಗಳು ಎ, ಆರ್, ಟಿ. ಹಿಂದಿನ ಸಾಲಿನಿಂದ ನೋಡುತ್ತಿದ್ದ ನನಗೆ ಕಸ್ತೂರಿ ಶಾಹೀನಳ ಕಿವಿಯಲ್ಲಿ ಏನೋ ಉಸುರಿದ್ದು ಕಂಡಿತು, ಏನೆಂದು ಆಮೇಲೆ ತಿಳಿಯಿತು: "'ಏಷನ್' ಸೆರಗು ತಗೊ. ಅದರಾಗ 'ಎ'ನೂ ಐತಿ, 'ಟಿ'ನೂ ಐತಿ. ಒಡಲಾಗ ಆರ್ ಒಂದು ಇದ್ರ ಮುಗೀತು." ಆಪರೇಷನ್, ಪ್ರಿಪರೇಷನ್, ಡೆಕೋರೇಷನ್, ರಿಜಿಸ್ಟ್ರೇಷನ್... ಹಾಳೆ ತುಂಬುತ್ತ ಹೋಯಿತು. ಆ ಸೆರಗು ಮುಗಿದ ಮೇಲೆ 'ಇಂಗ್' ಸೆರಗಿನವು: ಸ್ಟಾರ್ಟಿಂಗ್, ಟ್ರೇಡಿಂಗ್, ಪಾರ್ಟಿಂಗ್.

ಹಾಳೆಗಳನ್ನು ತೆಗೆದುಕೊಂಡು ಅರ್ಧ ಗಂಟೆಯ ನಂತರ ನಮ್ಮ ಮೂವರನ್ನೂ ಪಕ್ಕದ ಕೋಣೆಗೆ ಕರೆದರು. ಮುಖ್ಯ ತೀರ್ಪುಗಾರರು ನಿವೃತ್ತ ಪ್ರಾಂಶುಪಾಲರು. ಅವರ ಮುಂದೆ ನಮ್ಮ ಹಾಳೆ ಬೇರೆಯಾಗಿ ಬಿದ್ದಿತ್ತು.

"ಇದು ಮಕ್ಕಳು ಬರದದ್ದಲ್ಲ ಮಾಸ್ತರ. ಒಂದ ನಮೂನಿ ಕೊನಿ ಇದ್ದ ಪದ ಎಲ್ಲಾ ಒಂದ ಕಡೆ ಸಾಲಾಗಿ ಕುಂತಾವ. ಮೊಬೈಲಿನಾಗ ಅಕ್ಷರ ಹಾಕಿದ್ರ ಹಿಂಗ ಬರ್ತೈತಿ, ನಮಗೂ ಗೊತ್ತೈತಿ."

ಮೊಬೈಲ್ ನೋಡಿ ಬರೆದಿದ್ದಾರೆ ಎಂದು ನಾನು ಬರೆದುಕೊಟ್ಟರೆ ವೇದಿಕೆಯ ಮೇಲೆ ಶಾಲೆಯ ಹೆಸರು ಎತ್ತುವುದಿಲ್ಲ, ಇಲ್ಲವಾದರೆ ಇಲಾಖೆಗೆ ದೂರು ಎಂದರು. ಬಿಳಿ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು.

ನನ್ನ ತಲೆಯಲ್ಲಿ ನೋಟಿಸು, ವಿಚಾರಣೆ, ತಡೆಹಿಡಿದ ಬಡ್ತಿ, ಎಲ್ಲವೂ ಮೆರವಣಿಗೆ ಹೊರಟವು. ಕೈ ತಾನಾಗಿಯೇ ಜೇಬಿಗೆ ಹೋಗಿ ಪೆನ್ನಿನ ಕ್ಯಾಪ್ ತೆಗೆಯಿತು.

"ಸರ್," ಎಂದಳು ಕಸ್ತೂರಿ. ದನಿ ಎತ್ತರಿಸಲಿಲ್ಲ. "ಕ್ಯಾಪ್ ಹಾಕ್ರಿ. ನಾವು ಕಾಪಿ ಹೊಡದಿಲ್ಲ. ನೀವು ಬರದು ಕೊಟ್ರ, ನಾಳೆ ಸಾಲಿಯಾಗ ನಾವು ಕಳ್ಳರು."

ಕ್ಯಾಪ್ ಹಾಕಿದೆ. ಹಾಕಿದ್ದೇನೋ ಹೌದು, ಮುಂದೆ ಏನು ಹೇಳಬೇಕೆಂದು ತಿಳಿಯದೆ ಹಾಳೆಯತ್ತ ಬಗ್ಗಿದೆ. 'ಏಷನ್' ಸಾಲಿನ ಕೊನೆಯಲ್ಲಿ ಮೂರು ಪದಗಳ ಮೇಲೆ ತೀರ್ಪುಗಾರರದೇ ಕೆಂಪು ಗೀಟು: ಲರ್ನೇಷನ್, ಮ್ಯಾರಿಯೇಷನ್, ಡ್ರೈವೇಷನ್. ಒಡಲುಗಳು ಮುಗಿದಾಗ ಹುಡುಗಿಯರು ಸಿಕ್ಕ ಒಡಲಿಗೆಲ್ಲ ಅದೇ ಸೆರಗು ಕೊಂಡಿ ಹಾಕಿಬಿಟ್ಟಿದ್ದರು.

ನನಗೆ ನಗು ಬಂತು, ಅದರ ಹಿಂದೆಯೇ ಧೈರ್ಯವೂ ಬಂತು. "ಸರ್, ಈ ಮೂರು ಪದ ಯಾವ ಮೊಬೈಲ್ ಕೊಡ್ತೈತಿ, ತೋರಸ್ರಿ. ಡ್ರೈವೇಷನ್ ಅನ್ನೋ ಪದ ಕೊಡೋ ಮೊಬೈಲ್ ಇದ್ರ ನಾ ಈಗ ಸಹಿ ಮಾಡ್ತೇನಿ."

ಅವರು ಹಾಳೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೊನೆಗೆ, "ಆತು, ಇದನ್ನ ದೊಡ್ಡದು ಮಾಡೂದು ಬ್ಯಾಡ. ಹುಡುಗ್ಯಾರಿಗೆ ಸಮಾಧಾನಕರ ಬಹುಮಾನ ಕೊಟ್ಟು ಕಳಸ್ತೀವಿ," ಎಂದರು.

ನಾನಾಗಿದ್ದರೆ ಕೈಮುಗಿದು ತೆಗೆದುಕೊಳ್ಳುತ್ತಿದ್ದೆ. ಕಸ್ತೂರಿ ಕೈ ಹಿಂದೆ ಕಟ್ಟಿಕೊಂಡಳು. "ನಮಗ ಸಮಾಧಾನ ಬ್ಯಾಡ್ರಿ ಸರ್. ಮೂರು ತಪ್ಪಿಗೆ ಮೂರು ಅಂಕ ಕಡೀರಿ. ಉಳದದ್ದಕ್ಕ ಅಂಕ ಹಾಕ್ರಿ. ಅಷ್ಟ."

ನಾನು ಎದ್ದು ಅವಳ ಪಕ್ಕ ನಿಂತೆ. ಅಂಕ ಹಾಕುವ ತನಕ ನಾವು ಮೂವರೂ ಕೂರಲಿಲ್ಲ.

ಎರಡನೇ ಸ್ಥಾನ ಬಂತು. ಮೊದಲ ತಂಡಕ್ಕಿಂತ ಎರಡೇ ಅಂಕ ಕಡಿಮೆ. ಆ ಮೂರು ಪದ ಬರೆಯದೇ ಇದ್ದಿದ್ದರೆ ಬೆಳಗಾವಿಗೆ ಹೋಗುತ್ತಿದ್ದೆವೋ, ಕಳ್ಳರೆಂಬ ಹೆಸರು ಹೊತ್ತು ಮನೆಗೆ ಬರುತ್ತಿದ್ದೆವೋ? ಕಳ್ಳರೇ ಆಗುತ್ತಿದ್ದೆವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ಕೊಡಿಸಿದೆ. "ಡ್ರೈವೇಷನ್ ಬರದಾಕಿ ನಾನ," ಎಂದು ಶಾಹೀನ್ ದೊಡ್ಡ ತುಂಡು ಎತ್ತಿಕೊಂಡಳು.

ಮರುವರ್ಷದ ಸುತ್ತೋಲೆಯಲ್ಲಿ ಹೊಸ ನಿಯಮವೊಂದು ಸೇರಿತ್ತು: ಒಂದೇ ರೀತಿ ಕೊನೆಯಾಗುವ ಪದಗಳನ್ನು ಎರಡಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಹತ್ತನೇ ತರಗತಿಗೆ ಬಂದಿದ್ದ ಕಸ್ತೂರಿಗೆ ತೋರಿಸಿದೆ. ಅವಳ ಮುಖ ಅರಳಿತು.

"ನಮ್ಮ ಸಲುವಾಗಿ ಕಾನೂನು ಬರದಾರ್ರೀ ಸರ್! ಬರೀಲಿ ಬಿಡ್ರಿ. ಸೀರಿಗೆ ಸೆರಗೊಂದ ಇರ್ತೈತೇನು? ಅಂಚಿನಿಂದ ಶುರು ಮಾಡೂಣು, ಪದದ ಮುಂದಿನ ತುಂಡು ಮೊದ್ಲ ಹಿಡಿಯೂಣು."

ಇಷ್ಟು ವರ್ಷದ ಮಾಸ್ತರಿಕೆ ನನ್ನ ಹೆದರಿಕೆಯನ್ನು ಬಿಡಿಸಿಲ್ಲ. ಬಸ್ಸು ತಡವಾದರೂ ಹೆದರುತ್ತೇನೆ, ಬೇಗ ಬಂದರೂ ಹೆದರುತ್ತೇನೆ. ಆದರೆ ಹೆದರುವುದು ಬೇರೆ, ಸಹಿ ಮಾಡುವುದು ಬೇರೆ ಎಂಬುದನ್ನು ಆ ಕೋಣೆಯಲ್ಲಿ ಕಲಿತೆ. ಈಗ ಯಾರಾದರೂ ಬಿಳಿ ಹಾಳೆ ಸರಿಸಿದರೆ ನಾನು ನಡುಗುತ್ತಲೇ ಇರುತ್ತೇನೆ. ಪೆನ್ನಿಗೆ ಮಾತ್ರ ಕ್ಯಾಪ್ ಇರುತ್ತದೆ.