ಅತ್ತೆಯ ಕೈಯ ಗಡ್ಡೆ

ಇಂಜೆಕ್ಷನ್ ಚುಚ್ಚುವ ಮೊದಲು ನರ್ಸ್ ಹತ್ತಿಯಲ್ಲಿ ಸ್ಪಿರಿಟ್ ಒರೆಸುತ್ತಾಳಲ್ಲ, ಆ ವಾಸನೆ ಮೂಗಿಗೆ ಬಡಿದ ದಿನ ನನಗೆ ಇವತ್ತಿಗೂ ಕಾಫಿ ಸೇರುವುದಿಲ್ಲ. ಈ ಪ್ರಾಯದಲ್ಲಿ ಸೂಜಿಗೆ ಹೆದರುವುದೇ ಎಂದು ಮನೆಯವರು ನಗುತ್ತಾರೆ. ನಗಲಿ. ಆ ವಾಸನೆಯ ಹಿಂದೆಯೇ ಕಡಬದ ನಮ್ಮ ಹೋಟೆಲು ಮನೆಯ ಜಗಲಿ, ಅಜ್ಜ, ಸರಸತ್ತೆ ಎಲ್ಲರೂ ಬಂದು ನಿಲ್ಲುತ್ತಾರೆ. ಆ ಮನೆ ಈಗಿಲ್ಲ, ಮಾರ್ಗ ಅಗಲ ಮಾಡುವಾಗ ಗೋಡೆ ಸಮೇತ ಹೋಯಿತು. ನಿಮ್ಮದೂ ಒಂದು ಮನೆ ಹೀಗೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅರವತ್ತರ ದಶಕದ ಮಾತು. ಮುಂದುಗಡೆ ಅಜ್ಜನ ಚಹಾದ ಹೋಟೆಲು, ಹಿಂದುಗಡೆ ನಾವು. ಸರಸತ್ತೆ ಅಜ್ಜನ ಕೊನೆಯ ಮಗಳು, ನನ್ನ ಅಪ್ಪನ ತಂಗಿ. ಅಮ್ಮನಿಲ್ಲದ ನನ್ನನ್ನು ಸಾಕಿದವಳು ಅವಳೇ. ಅವಳ ಬಲಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಅಂಬಟೆಕಾಯಿಯಷ್ಟು ದೊಡ್ಡ ಗಡ್ಡೆಯೊಂದಿತ್ತು. ನೋವಿಲ್ಲ, ಕೀವಿಲ್ಲ, ಒತ್ತಿದರೆ ಚರ್ಮದೊಳಗೇ ಮೆತ್ತಗೆ ಜಾರುತ್ತಿತ್ತು. ಅವಳು ಇಡ್ಲಿಗೆ ಉದ್ದು ರುಬ್ಬುವಾಗ ಅದೂ ಕೈಯ ಜೊತೆ ಅಲುಗುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅದನ್ನು ಹಿಡಿದುಕೊಳ್ಳದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. "ಬಿಡು ಮಾರಾಯ್ತಿ, ಅದೆಂತ ಆಟದ ಸಾಮಾನಾ?" ಎಂದು ಬೈಯುತ್ತಲೇ ಕೈಯನ್ನು ನನ್ನ ಕಡೆಗೆ ಸರಿಸುತ್ತಿದ್ದಳು. ಬೇರೆಯವರಿಗೆ ಮಾತ್ರ ತೋರಿಸುತ್ತಿರಲಿಲ್ಲ. ಎಂಥ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆಯನ್ನೇ ತೊಡುತ್ತಿದ್ದಳು.

ಪಂಜದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಶಾಲೆಯಲ್ಲಿ ಮಾಸ್ಟ್ರು; ಅತ್ತೆಗೂ ಮನಸ್ಸಿತ್ತು. ಗಡ್ಡೆಯ ಸಂಗತಿಯನ್ನು ಅಜ್ಜ ತಾವಾಗಿಯೇ ಅವರಿಗೆ ಹೇಳಿದರು. "ಆ ಗಡ್ಡೆಯೊಂದು ತೆಗೆಸಿ, ಮತ್ತೆ ಮಾತಾಡುವ" ಎಂದರು ಹುಡುಗನ ತಾಯಿ. ಅಜ್ಜ ಅವಳನ್ನು ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಗಡ್ಡೆಯನ್ನು ಇಡಿಯಾಗಿ ತೆಗೆದು ಹೊಲಿಗೆ ಹಾಕಿದರಂತೆ. ಬರೀ ಕೊಬ್ಬು, ಹೆದರುವಂಥದ್ದೇನೂ ಇಲ್ಲ ಎಂದರಂತೆ. ಬಾಯಿಮಾತನ್ನು ಯಾರು ನಂಬುತ್ತಾರೆ? ಅಜ್ಜನದು ಹೋಟೆಲಿನವರ ಬುದ್ಧಿ. ಗಿರಾಕಿಗೆ ಸಂಶಯ ಬಂದರೆ ಹಿಟ್ಟಿನ ಪಾತ್ರೆಯನ್ನೇ ತಂದು ಎದುರಿಗಿಡುವ ಮನುಷ್ಯ. ಉಪ್ಪಿನಕಾಯಿಯ ಬಾಟಲಿಯೊಂದನ್ನು ಮನೆಯಿಂದಲೇ ತೊಳೆದುಕೊಂಡು ಹೋಗಿದ್ದರು. ಗಡ್ಡೆ ಆ ಬಾಟಲಿಯಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿಕೊಂಡು ಮನೆಗೆ ಬಂತು. ಗಾಯ ಮಾಗಿದ ಮೇಲೆ ಅತ್ತೆ ಹಸಿರು ಬಣ್ಣದ ಗಿಡ್ಡ ತೋಳಿನ ರವಿಕೆ ಹೊಲಿಸಿದಳು. ಕನ್ನಡಿಯೆದುರು ನಿಂತು ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡು ಒಬ್ಬಳೇ ನಕ್ಕಳು.

ಪಂಜದವರು ಬಂದಾಗ ಆ ರವಿಕೆ ತೊಟ್ಟೇ ಕಾಫಿ, ಅಂಬೊಡೆ ತಂದಿಟ್ಟಳು. ಹುಡುಗನ ತಾಯಿ ಗಾಯದ ಕಲೆಯನ್ನು ನೋಡಿ ಅಡ್ಡಿಯಿಲ್ಲ ಎಂದರು. ಅಷ್ಟಕ್ಕೆ ಸುಮ್ಮನಿದ್ದರೆ ಮದುವೆ ಆಗಿಯೇ ಹೋಗುತ್ತಿತ್ತು. ಅಜ್ಜ ಒಳಗೆ ಹೋಗಿ ಬಾಟಲಿ ತಂದು ಅಂಬೊಡೆಯ ತಟ್ಟೆಯ ಪಕ್ಕದಲ್ಲಿಟ್ಟು ಮುಚ್ಚಳವನ್ನೂ ತೆಗೆದರು. "ನಮ್ಮಲ್ಲಿ ಮುಚ್ಚುಮರೆ ಇಲ್ಲ ಮಾರಾಯ್ರೆ. ಬರೀ ಕೊಬ್ಬು, ನಿಮ್ಮ ಕಣ್ಣಾರೆ ನೋಡಿ." ಹಳದಿ ಮುದ್ದೆ ಬಾಟಲಿಯ ತಳದಲ್ಲಿ ಹೊರಳಿತು, ಸ್ಪಿರಿಟ್ಟಿನ ವಾಸನೆ ಜಗಲಿ ತುಂಬಿತು. ಮಾಸ್ಟ್ರು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಲಿಲ್ಲ. ತಾಯಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಎದ್ದರು. "ಮೈಯಲ್ಲಿ ಇಂಥದ್ದು ಬೆಳೆಯುವ ಹುಡುಗಿ... ಬೇಡಪ್ಪ, ನಮ್ಮಲ್ಲಿ ಸಣ್ಣ ಮಕ್ಕಳು ಉಂಟು" ಎಂದು ಮೆಟ್ಟಿಲಿಳಿದರು. ಅಯ್ಯೋ ಅಜ್ಜ, ಒಂದು ದಿನಕ್ಕಾದರೂ ನಿಮಗೆ ಮುಚ್ಚಿಡುವ ಬುದ್ಧಿ ಬರಬಾರದಿತ್ತೇ!

ಅತ್ತೆ ಬಾಟಲಿಯನ್ನು ಹಿತ್ತಿಲಿಗೆ ಒಯ್ದು ಬಸಳೆ ಚಪ್ಪರದ ಹತ್ತಿರ ಹೂತಳು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಯಾರೂ ಬಸಳೆ ಕೊಯ್ಯಲಿಲ್ಲ. ಉದ್ದ ತೋಳಿನ ರವಿಕೆ ಮತ್ತೆ ಬಂತು. ಬಾಟಲಿಯ ಕಥೆ ಹೋಟೆಲಿನ ಗಿರಾಕಿಗಳ ಜೊತೆ ಬಸ್ಸು ಹತ್ತಿ ಊರೂರಿಗೆ ಹೋಗಿತ್ತು, ಇನ್ನೊಂದು ಸಂಬಂಧ ಬರಲೇ ಇಲ್ಲ. ಅಜ್ಜ ಸಾಯುವವರೆಗೂ ಅವಳ ಮುಖ ನೋಡಿ ಮಾತಾಡಿದ್ದನ್ನು ನಾನು ಕಾಣೆ. ನಾನೋ, ಪಂಜದವರು ಹೋದ ರಾತ್ರಿ ಅಭ್ಯಾಸಬಲದಿಂದ ಮಲಗುವಾಗ ಅದೇ ಜಾಗವನ್ನು ಹುಡುಕಿ ಹಿಡಿದೆ. "ಅಲ್ಲಿ ಮುಟ್ಟಿದ್ರೆ ನಂಗೆ ಗೊತ್ತೇ ಆಗುದಿಲ್ಲ ಮಗಾ" ಎಂದಳು. "ಕೊಯ್ದ ಮೇಲೆ ಅಲ್ಲಿ ಜೀವವೇ ಇಲ್ಲ."

ಎಷ್ಟೋ ವರ್ಷಗಳ ನಂತರ, ಅವಳ ಕೊನೆಗಾಲದಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಾನೇ ಕೂತಿದ್ದೆ. ನರ್ಸ್ ಸ್ಪಿರಿಟ್ ಒರೆಸಿ, ಸೂಜಿ ಚುಚ್ಚಿ ಹೋದಳು. ಅತ್ತೆಗೆ ಕಣ್ಣು ತೆರೆಯುವಷ್ಟು ತ್ರಾಣವೂ ಉಳಿದಿರಲಿಲ್ಲ. ನನ್ನ ಕೈ ತಾನಾಗಿಯೇ ಹೋಗಿ ಜೀವವಿಲ್ಲದ ಆ ಹಳೆಯ ಕಲೆಯನ್ನೇ ಹಿಡಿದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ಅವಳ ತುಟಿ ಅಲುಗಿತು.

"ಮಗಾ, ನೀನೂ ಹೋದಿಯಾ?"

ನಾನು ಅವಳನ್ನು ಹಿಡಿದುಕೊಂಡೇ ಇದ್ದೆ.