ಫೋನ್ ಬಾಯಿ ಬಿಡಲಿಲ್ಲ

ನಮ್ಮ ಬೆರಳನ್ನು ಒತ್ತಾಯದಿಂದ ಇಡಿಸಿ ಯಾರು ಬೇಕಾದರೂ ಫೋನ್ ತೆರೆಯಬಹುದು ಮಾರಾಯ್ರೆ. ಹಾಗಾಗಿ ನಾನು ಬೆರಳಚ್ಚು ಬಂದ್ ಮಾಡಿ ಪಿನ್ ಮಾತ್ರ ಇಟ್ಟಿದ್ದೆ. ಇವತ್ತು ಅದು ಉಪಯೋಗಕ್ಕೆ ಬಂತು.

ಅಳದಂಗಡಿಯ ಗೆಳೆಯನ ಮನೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಹೆಂಡತಿ ಕೇಳಿದಳು, "ನಿಮ್ಮ ಶುಗರ್ ರಿಪೋರ್ಟ್ ಫೋನಿಗೆ ಬಂದಿದೆಯಂತೆ. ತೋರಿಸಿ."

"ಆಮೇಲೆ ನೋಡುವ."

ಅವಳು ನನ್ನ ಹೆಬ್ಬೆರಳು ಹಿಡಿದು ಫೋನಿಗೆ ಒತ್ತಿಯೇ ಬಿಟ್ಟಳು. ತೆರೆಯಲಿಲ್ಲ!

"ಪಿನ್ ಬೇಕು. ಅದು ನನ್ನ ತಲೆಯಲ್ಲಿ ಮಾತ್ರ ಉಂಟು," ಎಂದು ಬೀಗಿದೆ.

ಅವಳು ಬೆರಳು ಬಿಡಲಿಲ್ಲ. "ಇದೇನು ಅಂಟುವುದು?" ಎಂದು ಮೂಸಿ ನೋಡಿದಳು. "ಹಲಸಿನ ಮೇಣ! ಎಷ್ಟು ಸೊಳೆ ತಿಂದಿರಿ?"

ಈಗ ತೆಂಗಿನೆಣ್ಣೆ ಹಾಕಿ ಬೆರಳು ಉಜ್ಜಿಕೊಳ್ಳುತ್ತಾ ಇದ್ದೇನೆ. ರಿಪೋರ್ಟ್ ಫೋನಿನಲ್ಲಿ ಭದ್ರವಾಗಿ ಉಂಟು. ಅವಳಿಗೆ ಇನ್ನು ಅದನ್ನು ನೋಡಬೇಕೆಂದೇ ಇಲ್ಲವಂತೆ.