ಟಗರಿನ ಕೊಂಬಿನ ಬುಷ್

ಕೂದಲು ಸುಟ್ಟಂಥ ವಾಸನೆ ಮೊನ್ನೆ ಕೊರಟಗೆರೆಯ ಗ್ಯಾರೇಜಿನಲ್ಲಿ ಮೂಗಿಗೆ ಬಡಿದಾಗ ಕುಳಿತಿದ್ದ ಸ್ಟೂಲಿನಿಂದ ಎದ್ದು ನಿಂತೆ. ಅಲ್ಲಿಯ ಮೆಕ್ಯಾನಿಕ್ ನನ್ನ ಹಳೆಯ ಅಂಬಾಸಿಡರ್ ಕಾರಿನ ಗೇರ್ ಹಿಡಿಯ ಬುಡ ಬಿಚ್ಚಿ, ಒಳಗೆ ಕಚ್ಚಿಕೊಂಡಿದ್ದ ಸಣ್ಣ ಬಳೆಯಂಥದೊಂದನ್ನು ಡ್ರಿಲ್ ಹಾಕಿ ಬಿಡಿಸುತ್ತಿದ್ದ. "ಇದೇನ್ ಮೇಡಂ, ಪ್ಲಾಸ್ಟಿಕ್ಕೂ ಅಲ್ಲ, ಹಿತ್ತಾಳೇನೂ ಅಲ್ಲ" ಎಂದು ಅಂಗೈ ಮೇಲಿಟ್ಟು ತೋರಿಸಿದ. ಕಂದು ಬಣ್ಣ, ನಡುವೆ ಒಂದು ಕಪ್ಪು ಗೆರೆ. ಟಗರಿನ ಕೊಂಬು ಅದು. ನಮ್ಮ ಸೀಮೆಯಲ್ಲಿ ಕೊಂಬಿನಿಂದ ಬುಷ್ ಮಾಡುತ್ತಿದ್ದವರು ಒಬ್ಬರೇ. ಅವರು ಹೋಗಿ ಒಂದು ತಿಂಗಳಾಗಿತ್ತು…

ಕಾರು ಅಪ್ಪನಿಂದ ನನಗೆ ಬಂದದ್ದು. ಅದರ ಗೇರ್ ಹಿಡಿ ಈಗಿನ ಕಾರುಗಳಂತೆ ಕೆಳಗಿಲ್ಲ, ಸ್ಟೀರಿಂಗಿಗೆ ಅಂಟಿಕೊಂಡಿದೆ. ಹಿಡಿಯಿಂದ ಕೆಳಕ್ಕೆ ಸರಳುಗಳು, ಸರಳು ಕೂಡುವ ಕಡೆ ತೂತಿನಲ್ಲಿ ಕೂರುವ ಸಣ್ಣ ಬಳೆ, ಅದೇ ಬುಷ್. ಅದು ಸವೆಯಿತೋ, ಮುಂದಕ್ಕೆ ಹೋಗಲು ಗೇರು ಹಾಕಿದರೆ ಕಾರು ಹಿಂದಕ್ಕೆ ಹೋಗುತ್ತದೆ. ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು ಬಾನೆಟ್ ಎತ್ತಿ ಸರಳು ಅಲುಗಿಸುತ್ತ ನಿಲ್ಲುವ ಹೆಂಗಸು ಎಂದೇ ನಾನು ಊರಿಗೆಲ್ಲ ಪರಿಚಯ. ಹಿಂದಿನಿಂದ ಹಾರನ್ ಹೊಡೆದವರಿಗೆ ಬೈದು ಬೈದು ನನ್ನ ಬಾಯಿಯೂ ಬುಷ್ಷಿನಷ್ಟೇ ಸವೆದಿತ್ತು.

ಶಿರಾ ರಸ್ತೆಯಲ್ಲಿ ಕಾರು ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಹೋಗು ಎಂದು ಯಾರೋ ಹೇಳಿದರು. ಅವರದು ಕುರಿ ಸಾಕುವ ಮನೆತನ. ಷೆಡ್ಡಿನ ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ ಕೊಂಬುಗಳಿದ್ದವು. ಒಂದು ಚೂರು ಕೊಯ್ದು, ಕಾದ ಹರಳೆಣ್ಣೆಯಲ್ಲಿ ಮೆದು ಮಾಡಿ, ತೂತು ಕೊರೆದು, ಅರದಿಂದ ಉಜ್ಜಿ ಕೂರಿಸುತ್ತಿದ್ದರು. "ಕಬ್ಣ ಕಬ್ಣಾನೇ ತಿಂತದೆ ಕಣಮ್ಮ. ಕೊಂಬಾದ್ರೆ ಎಣ್ಣೆ ಕುಡ್ಕಂಡು ಸುಮ್ಕಿರ್ತದೆ" ಎಂದಿದ್ದರು. ಷೆಡ್ಡಿನ ಹಿಂದೆಯೇ ಅವರ ಒಂಟಿ ಮನೆ. ಅದರ ಕದ ಯಾವಾಗಲೂ ಹಾರುಹೊಡೆದಿರುತ್ತಿತ್ತು. ಕಳ್ಳರ ಭಯವಿಲ್ಲವೇ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಗೇರು ಬೆರಳಲ್ಲೇ ಬೀಳತೊಡಗಿತು. ಖುಷಿಯಲ್ಲಿ ಬಲಸಮುದ್ರಕ್ಕೆ, ಅಕ್ಕನ ಮನೆಗೆ ಹೊರಟೆ. ಪಾವಗಡ ದಾಟಿ, ಊರು ಇನ್ನೇನು ಬಂತು ಎನ್ನುವಾಗ, ಸೋಲಾರ್ ಪ್ಲೇಟುಗಳ ತಂತಿಬೇಲಿಯ ತಿರುವಿನಲ್ಲಿ ಗೇರು ಜಾರಿ ನ್ಯೂಟ್ರಲ್ಲಿಗೆ ಬಂತು. ವಾಪಸು ಬರುವಾಗಲೂ ಅಲ್ಲೇ. ಮುಂದಿನ ಸಲ ಹೋದಾಗಲೂ ಅಲ್ಲೇ. ಬೇರೆಲ್ಲೂ ಇಲ್ಲ. ಒಮ್ಮೆ ಹಟ ಹಿಡಿದು ಹಿಡಿಯನ್ನು ಅಂಗೈಯಿಂದ ಅದುಮಿಕೊಂಡೇ ಓಡಿಸಿದೆ. ತಿರುವು ಬಂತು. ಆ ತುದಿಯಿಂದ ಯಾರೋ ಮೆಲ್ಲಗೆ ಎಳೆದಂತೆ ಹಿಡಿ ನನ್ನ ಕೈಯನ್ನೂ ಎತ್ತಿಕೊಂಡು ಮೇಲೆದ್ದಿತು. ನಡು ಮಧ್ಯಾಹ್ನ, ಸುಡುಬಿಸಿಲು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಪ್ಲೇಟುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿದ್ದವು.

ಅಕ್ಕನಿಗೆ ಹೇಳಿದೆ. "ಪ್ಲೇಟ್ ಹಾಕೋಕ್ ಮುಂಚೆ ಅಲ್ಲೊಂದು ಪಾಳು ಬಾವಿ ಇತ್ತು ಕಣೇ. ಮುಚ್ಚಿಬುಟ್ರು" ಎಂದವಳು ಅನ್ನಕ್ಕೆ ಸಾರು ಬಡಿಸಿ ಮಾತು ಮರೆಸಿದಳು.

ಮೇಸ್ತ್ರಿಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೇ ಷೆಡ್ಡಿಗೆ ಹೋದೆ. ಜಾಗದ ಹೆಸರು ಕೇಳುತ್ತಿದ್ದಂತೆ ಅವರ ಕೈಯ ಸ್ಪ್ಯಾನರ್ ನಿಂತಿತು. ಬಾವಿಯ ವಿಷಯವನ್ನೂ ಹೇಳಿದೆ. ಅವರು ಗೋಣಿಚೀಲವನ್ನು ನೆಲಕ್ಕೆ ಸುರಿದು ಕೆದಕಿದರು. ಕಪ್ಪು ಗೆರೆಯ ಕೊಂಬೊಂದು ಸಿಕ್ಕಿತು. ಅದರ ಜೋಡಿ ಸಿಕ್ಕಿತಾದರೂ ತುದಿ ಕೊಯ್ದಿತ್ತು. ಕೊಯ್ದ ಚೂರು ನನ್ನ ಕಾರಿನಲ್ಲಿತ್ತು.

ಆಮೇಲೆ ಅವರು ನೆಲದ ಮೇಲೇ ಕುಳಿತು ಹೇಳಿದ್ದಿಷ್ಟು. ಬಹಳ ವರ್ಷಗಳ ಹಿಂದೆ ಅವರ ತಮ್ಮ ಮೇವು ಹುಡುಕುತ್ತ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋದವನು ತಿರುಗಿ ಬರಲಿಲ್ಲ. ಮಂದೆ ದಿಕ್ಕಾಪಾಲಾಯಿತು. ದೇವರಿಗೆ ಬಿಟ್ಟಿದ್ದ ಟಗರು ಮಾತ್ರ ಒಂಟಿಯಾಗಿ ಮನೆಗೆ ಬಂದು ಬಾಗಿಲಲ್ಲಿ ನಿಂತಿತು. ಅವನು ಸತ್ತನೋ ಇದ್ದಾನೋ ಗೊತ್ತಾಗಲಿಲ್ಲ, ಹಾಗಾಗಿ ಮನೆಯಲ್ಲಿ ತಿಥಿಯೂ ಇಲ್ಲ, ಎಡೆಯೂ ಇಲ್ಲ. ಟಗರು ವಯಸ್ಸಾಗಿ ಸತ್ತ ಮೇಲೆ ಅದರ ಕೊಂಬುಗಳನ್ನು ಅವರ ತಾಯಿ ದೇವರ ಗೂಡಿನಲ್ಲಿಟ್ಟಿದ್ದರು. ತಾಯಿ ತೀರಿಕೊಂಡಾಗ ಮನೆ ಸಾರಿಸಿದವರು ಯಾರೋ ತಿಳಿಯದೆ ತಂದು ಚೀಲಕ್ಕೆ ಹಾಕಿದ್ದರು. "ದೇವ್ರ ಟಗರಿನ ಕೊಂಬ ಗೇಯ್ಮೆಗೆ ಹಚ್ಚಬಾರ್ದು ಕಣಮ್ಮ. ನಾನು ನೋಡ್ದೇನೆ ಕೊಯ್ದುಬುಟ್ಟೆ" ಎಂದರು. ಬೈಯಲು ಬಂದಿದ್ದ ನಾನು ನೆಲಕ್ಕೆ ಚೆಲ್ಲಿದ್ದ ಉಳಿದ ಕೊಂಬುಗಳನ್ನು ಚೀಲಕ್ಕೆ ತುಂಬತೊಡಗಿದೆ.

ಮರುದಿನ ಅವರನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಗೇರ್ ಹಿಡಿಯನ್ನೇ ನೋಡುತ್ತಿದ್ದರು. ತಿರುವಿನಲ್ಲಿ ಅದು ಮೇಲೆದ್ದಿತು. ಕಾರು ಉರುಳಿ ನಿಲ್ಲುವಷ್ಟರಲ್ಲಿ ಅವರು ಇಳಿದಿದ್ದರು. ಬೇಲಿ ಹಿಡಿದುಕೊಂಡು, ಬಾವಿ ಮುಚ್ಚಿದ್ದ ಕಡೆ ನೋಡುತ್ತ, ಪಕ್ಕದ ಕೋಣೆಯಲ್ಲಿದ್ದವನನ್ನು ಕರೆಯುವಷ್ಟೇ ದನಿಯಲ್ಲಿ, "ಲೇ… ಇಲ್ಲಿದ್ದೀಯೇನ್ಲಾ" ಎಂದರು.

ನಾನು ಆಫ್ ಮಾಡಿದ್ದ ಕಾರಿನೊಳಗೆ ಹಿಡಿ ಒಮ್ಮೆ ಕಟಕ್ ಎಂದಿತು. ಇಬ್ಬರೂ ಕೇಳಿಸಿಕೊಂಡೆವು.

ಅವರು ಬುಷ್ ಬಿಚ್ಚಿ, ಬೇಲಿಯ ಬುಡದಲ್ಲಿ ಗೇಣುದ್ದ ಮಣ್ಣು ಕೆದರಿ ಇಟ್ಟು, ಮೇಲೆ ಕಲ್ಲು ಜೋಡಿಸಿದರು. ಕಟ್ಟಿಕೊಂಡು ಬಂದಿದ್ದ ಮುದ್ದೆಯನ್ನು ಎಲೆಯ ಮೇಲೆ ಎಡೆ ಇಟ್ಟರು. "ಬತ್ತಾನೆ ಅಂತ ಇಷ್ಟು ವರ್ಷ ಕದ ತೆಗ್ದಿಕ್ಕಿದ್ದೆ. ಇನ್ ಮುಚ್ಕಬೌದು" ಎಂದರು. ಆಮೇಲೆ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಬುಷ್ ತೆಗೆದು, ನನಗೆ ಬೆನ್ನು ತಿರುಗಿಸಿ ಕೂರಿಸಿದರು. ಯಾವುದೆಂದು ನಾನು ಕೇಳಲಿಲ್ಲ. ಅಂದಿನಿಂದ ಗೇರು ಎಲ್ಲೂ ಜಾರಲಿಲ್ಲ. ಷೆಡ್ಡಿನ ಕಡೆ ಹೋದಾಗೆಲ್ಲ ಅವರ ಮನೆಯ ಕದ ಮುಚ್ಚಿರುತ್ತಿತ್ತು.

ಕಳೆದ ತಿಂಗಳು ಶಿರಾ ರಸ್ತೆಯಲ್ಲಿ ಹೋಗುತ್ತಿದ್ದೆ. ಸರಿಯಾಗಿ ಆ ಷೆಡ್ಡಿನ ಎದುರು ಗೇರು ಜಾರಿತು. ಕಾರು ತಾನಾಗಿ ಉರುಳಿ ಅದರ ಬಾಗಿಲಿಗೆ ಬಂದು ನಿಂತಿತು. ಷೆಡ್ಡು ಮುಚ್ಚಿತ್ತು. ಎದುರಿಗೆ ಹೂ ಕಟ್ಟುತ್ತಿದ್ದವಳು ತಲೆ ಎತ್ತಿ, "ಬೆಳಿಗ್ಗೆ ಹೋಗ್ಬುಟ್ರು ಕಣಮ್ಮ. ಈಗಿನ್ನೂ ಎತ್ಕಂಡು ಹೋದ್ರು. ನಿಮ್ಗೆ ಯಾರು ಹೇಳಿದ್ದು?" ಎಂದಳು. ನನಗೆ ಯಾರೂ ಹೇಳಿರಲಿಲ್ಲ.

ಮತ್ತೆ ಆ ರಸ್ತೆಗೆ ಹೋಗುವ ಧೈರ್ಯವಾಗದೆ, ಬುಷ್ ಬದಲಿಸಲು ಕಾರನ್ನು ಕೊರಟಗೆರೆಗೆ ಒಯ್ದಿದ್ದೆ. ಕಪ್ಪು ಗೆರೆ ಕಂಡಾಗಲೇ ಗೊತ್ತಾದದ್ದು, ಅವರು ಅಂದು ಕೂರಿಸಿದ್ದು ಅದೇ ಟಗರಿನ ಎರಡನೇ ಕೊಂಬು. ಮಾಡಬಾರದೆಂದು ತಾವೇ ಹೇಳಿದ್ದನ್ನು ಬೇಕೆಂದೇ ಮಾಡಿದ್ದರು. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ತಾವು ಹೋದ ದಿನ ತಮ್ಮ ಬಾಗಿಲಲ್ಲೂ ಯಾರಾದರೂ ಒಬ್ಬರು ನಿಲ್ಲಲಿ ಅಂದುಕೊಂಡರೇನೋ…

ಮೆಕ್ಯಾನಿಕ್ ಹೊಸ ನೈಲಾನ್ ಬುಷ್ ಹಾಕಿಕೊಟ್ಟ. ಹಳೆಯದನ್ನು ಎಸೆಯಲು ಹೋದವನ ಕೈಯಿಂದ ಇಸಿದುಕೊಂಡು ಕರ್ಚೀಫಿನಲ್ಲಿ ಕಟ್ಟಿದೆ. ನಿನ್ನೆ ಅದನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಬಲಸಮುದ್ರಕ್ಕೆ ಹೋದೆ. ಗೇರು ಗಟ್ಟಿಯಾಗಿ ಕೂತಿತ್ತು. ಕೊಂಬು ಕಾರಿನ ಯಾವ ಸರಳಿಗೂ ತಾಗಿರಲಿಲ್ಲ. ಆದರೂ ತಿರುವು ಬರುತ್ತಿದ್ದಂತೆ ಅಂಗೈ ಕೆಳಗೆ ಹಿಡಿ ಮೆಲ್ಲಗೆ ಮೇಲೆದ್ದಿತು. ಈ ಸಲ ನಾನು ಅದುಮಿ ಹಿಡಿಯಲಿಲ್ಲ.

ಇಳಿದು, ಕಲ್ಲು ಸರಿಸಿ, ಅಣ್ಣನದನ್ನು ತಮ್ಮನದರ ಪಕ್ಕ ಇಟ್ಟು ಮಣ್ಣು ಮುಚ್ಚಿದೆ. ಬಂದು ಕುಳಿತು ಗೇರು ಹಾಕಿದರೆ ಒಂದೇ ಸಲಕ್ಕೆ ಬಿತ್ತು. ಇನ್ನು ಇದು ಕೆಟ್ಟರೆ ಶಿರಾ ರಸ್ತೆಗೆ ಹೋಗಿ ಬೈಯಲು ಅಲ್ಲಿ ಯಾರೂ ಇಲ್ಲ ಎಂಬುದು ಆಗ ಹೊಳೆಯಿತು. ಕಾರು ಆಫ್ ಮಾಡಿ ಅಲ್ಲೇ ಕುಳಿತು ಅತ್ತುಬಿಟ್ಟೆ.